ಪೂಜೆಯ ತಗಡು

ಬಾಳ್ಳುಪೇಟೆ
೨೮-೫-೧೯೯೮

ಬೀಗರಾದ ಮಲ್ಲಪ್ಪನವರಿಗೆ ಗುಂಡಯ್ಯನ ನಮಸ್ಕಾರ.

ಹೆತ್ತೂರು ಬಸ್ಸಿನ ಕಂಡಕ್ಟರ್ ಕೈಲಿ ಇದನ್ನು ಕಳಿಸಿದ್ದೇನೆ. ದಯವಿಟ್ಟು ಈಗಲೇ ಓದಿ.

ನಿಮ್ಮ ಮನೆಯ ಎರಡು ಮಾಡು ಕೂಡುವ ಸಂದಿಗೆ ನಾನು ಹಾಸಿದ ತಗಡಿನಲ್ಲಿ ತಪ್ಪಾಗಿದೆ. ಕೆಳಗಿನಿಂದ ಹಾಸುತ್ತ ಹೋಗಬೇಕು, ಮೇಲಿನ ತಗಡು ಕೆಳಗಿನದರ ಮೇಲೆ ಕೂರಬೇಕು. ರಾಹುಕಾಲ ಬಂತೆಂದು, ಬೀಗಿತ್ತಿಯವರು ಅರಿಶಿನ ಕುಂಕುಮ ಹಚ್ಚಿಕೊಟ್ಟ ತಗಡನ್ನು ಮೊದಲೇ ಮೇಲಿನ ತುದಿಯಲ್ಲಿ ಹೊಡೆದುಬಿಟ್ಟೆ. ಆಮೇಲೆ ಸಡಿಲಿಸಲು ಹೋದರೆ, “ಪೂಜೆ ಮಾಡಿದ್ದು ಕಣ್ರೀ ಬೀಗ್ರೇ, ಮೊಳೆ ಕೀಳ್ಬ್ಯಾಡಿ” ಅಂದರು. ಕೆಳಗಿನ ತಗಡನ್ನು ಅದರ ಮೇಲೆಯೇ ಹತ್ತಿಸಿದೆ. ನೀವು ಕೆಲಸ ಹೊಗಳಿದಿರಿ, ನಾನು ಸುಮ್ಮನಾದೆ. ಜೋರು ಮಳೆ ಹಿಡಿದರೆ ನೀರು ನೇರ ಒಳಗಿಳಿಯುತ್ತದೆ.

ಸೋಮವಾರ ಮಗಳು ಸುಚಿತ್ರಾ ಬಾಣಂತನ ಮುಗಿಸಿ ಕೂಸಿನೊಂದಿಗೆ ನಿಮ್ಮಲ್ಲಿಗೆ ಬರುತ್ತಾಳೆ. ಭಾನುವಾರ ಮೊದಲ ಬಸ್ಸಿಗೆ ನಾನು ಬಂದು ಆ ಮೊಳೆ ಕೀಳುತ್ತೇನೆ. ಏಣಿ ಹೊರಗಿಟ್ಟಿರಿ. ಬೀಗಿತ್ತಿಯವರಿಗೆ ನೀವೇ ಹೇಳಿ. ಮುಂದೆ ಕೂಸಿಗೆ ನೆಗಡಿಯಾದರೂ, ಪೂಜೆಯ ಮೊಳೆ ಕಿತ್ತಿದ್ದಕ್ಕೇ ಹೀಗಾಯಿತೆಂಬ ಮಾತು ನನಗಿರಲಿ, ಸುಚಿತ್ರಾಳ ಕಿವಿಗೆ ಬೀಳದಿರಲಿ.

ಅಲ್ಲಿಯವರೆಗೆ ಆ ಸಂದಿಯ ಕೆಳಗಿನ ಕೋಣೆಯ ತೊಟ್ಟಿಲು ಬಿಚ್ಚಿಡಿ. ಅಲ್ಲೇ ಕಟ್ಟಿ, ಒಂದು ಹನಿಯೂ ಬೀಳುವುದಿಲ್ಲ ಎಂದು ಜಾಗ ತೋರಿಸಿದವನು ನಾನೇ.

ಇಂತಿ,
ಗುಂಡಯ್ಯ