ಗೋದಲಿಯ ರೊಟ್ಟಿ

ಮಸೂತಿ
೨೮ ಸೆಪ್ಟೆಂಬರ್ ೧೯೭೫, ರವಿವಾರ

ಪ್ರೀತಿಯ ಹೊನ್ನಕ್ಕನಿಗೆ ತಮ್ಮ ಗುರಪ್ಪನ ನಮಸ್ಕಾರಗಳು.

ಸೋಲಾಪುರದಲ್ಲಿ ನಿನ್ನ ಆರೋಗ್ಯ ಹೇಗಿದೆ? ದವಾಖಾನೆಯಲ್ಲಿ ಇಡೀ ಪಾಳಿ ನಿಂತು ಪಾದ ಬಾಯುತ್ತವೆ ಎಂದು ಬೇಸಿಗೆಯಲ್ಲಿ ಹೇಳಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಳ್ಳಬೇಕಂತೆ, ಅವ್ವ ಬರೆಯಿಸುತ್ತಿದ್ದಾಳೆ. ನರ್ಸಿಗೇ ಔಷಧ ಹೇಳುವವಳು ಅವಳೊಬ್ಬಳೇ. ನನ್ನ ಎದುರಿಗೆ ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ. ನಾಲ್ಕು ಸಾಲು ಆದೊಡನೆ ಮೊರ ನಿಲ್ಲಿಸಿ, ಓದು ಎನ್ನುತ್ತಾಳೆ.

ಅಪ್ಪ ತೀರಿಕೊಂಡು ಇಂದಿಗೆ ನಲವತ್ತೆಂಟು ದಿನ. ಮಣ್ಣಿಗೆ ಬಂದ ನೀನು ಅವ್ವನ ಕೈಯ ನೀರನ್ನೂ ಕುಡಿಯದೆ ಹೋದೆ. ಬಸ್ಸಿನ ಕಿಟಕಿಯಿಂದ ನೀನು ನನಗೆ ಹೇಳಿದ ಮಾತು, "ಎರಡ ವರ್ಷ ನಾವು ಉಳಿಸಿದ್ದನ್ನ ಆಕಿ ಒಂದ ಉಂಡಿಲೆ ಕೊಂದ್ಲು," ಹಿಂದೆ ನಿಂತಿದ್ದ ಅವಳಿಗೂ ಕೇಳಿಸಿತು. ನೆರೆಮನೆಯ ರೇವವ್ವ ಪಂಚಮಿಯ ದಿನ ನಮ್ಮ ಬಾಗಿಲಲ್ಲಿ ನಿಂತು ಕಂಡದ್ದನ್ನು ಮನೆಮನೆಗೆ ಮುಟ್ಟಿಸಿದ್ದಾಳೆ: ಹೆಂಡತಿಯೇ ಶಂಕರೆಪ್ಪನ ಬಾಯಿಗೆ ಶೇಂಗಾದ ಉಂಡಿ ಹಿಡಿದಿದ್ದಳು, ಮೀಸೆಗೆಲ್ಲ ಪುಡಿ ಹತ್ತಿತ್ತು. ಈಗ ಅವ್ವ ಬಾವಿಗೆ ಹೋದರೆ ಹೆಂಗಸರು ಹಗ್ಗ ಬಿಟ್ಟು ಸರಿಯುತ್ತಾರೆ. "ಬಂದ್ಲು ನೋಡ್ರೆವ್ವಾ, ಕೈಯಾಗ ಏನ್ ಹಿಡಕೊಂಡಾಳ ನೋಡ್ರಿ," ಎಂದು ಒಬ್ಬಳು ಅಂದರೆ ಉಳಿದವರು ನಗುತ್ತಾರೆ. ಅವ್ವ ಕೊಡ ತುಂಬಿಕೊಂಡು ಬರುತ್ತಾಳೆ. ಈ ಸಾಲು ಓದಿದಾಗ, ಅದನ್ನ್ಯಾಕ ಬರದಿ ಎಂದಳು. ನಾನು ಅಳಿಸಿಲ್ಲ.

ರೇವವ್ವನ ಗಂಡ ಕಾಳಪ್ಪ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದಾನೆ. ಬೇಸಿಗೆಯಲ್ಲಿ ನೀನು ಗುಡಿಯ ಕಟ್ಟೆಯ ಮೇಲೆ ಕುಳಿತು ಊರವರ ಉಚ್ಚೆ ಪರೀಕ್ಷೆ ಮಾಡಿದಾಗ ಸಿಕ್ಕಿದ ನಾಲ್ವರಲ್ಲಿ ಅವನೂ ಒಬ್ಬ. "ನರ್ಸಿನ ಅಪ್ಪಗ ಹತ್ತಲಿಲ್ಲ ಅಂದ್ರ ನನಗೇನ್ ಹತ್ತತೈತಿ," ಎಂದು ಡಬ್ಬಿಯನ್ನು ತಿಪ್ಪೆಗೆ ಎಸೆದ. ಅವನ ಹೆಬ್ಬೆರಳು ಕಪ್ಪಗಾಗುತ್ತಿದೆ. ಉಳಿದ ಮೂವರೂ ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ಕರೆದು ಹೇಳುವ ಧೈರ್ಯ ನನಗೆ ಮೊದಲೂ ಇರಲಿಲ್ಲ.

ಹೋದ ವಾರ ಗುಡಿಸಿ ಸಾರಿಸುವಾಗ ದನ ಮೇವು ತಿನ್ನುವ ಗೋದಲಿಯ ಹಿಂದಿನ ಗೂಡಿನಲ್ಲಿ ಗೋಣಿಯ ತುಂಡೊಂದು ಸಿಕ್ಕಿತು. ಒಳಗೆ ಒಂಬತ್ತು ಸಜ್ಜಿ ರೊಟ್ಟಿ, ಕಟಕಟ ಒಣಗಿದ್ದವು, ಎಳ್ಳು ಹಚ್ಚಿದವು. ಪಂಚಮಿಯ ಹಿಂದಿನ ದಿನಗಳಲ್ಲಿ ಮನೆಮನೆಯಿಂದ ಬಂದ ರೊಟ್ಟಿ ಹಬ್ಬದ ರೊಟ್ಟಿಗಳು. ದನದ ಹತ್ತಿರ ಕುಳಿತು ಉಣ್ಣುತ್ತೇನೆ ಎಂದು ಅಪ್ಪ ತಾಟು ಹಿಡಿದು ಹೋಗುತ್ತಿದ್ದದ್ದು ಇದಕ್ಕೆ. ಎರಡು ದಿನ ಅವನು ಏನೂ ತಿಂದಿರಲಿಲ್ಲ ಅಕ್ಕಾ. "ಹಸ್ತು ಹ್ವಾದ್ರು," ಎಂದು ಅವ್ವ ಗೋದಲಿಯ ಮುಂದೆಯೇ ಕುಳಿತುಬಿಟ್ಟಳು.

ಯಾಕೆ ಎಂದು ನನಗೆ ಗೊತ್ತು. ನೀನು ನಿಂಬೆಹಣ್ಣಿನ ಮೇಲೆ ನನಗೆ ಸೂಜಿ ಕಲಿಸಿ ಹೋದಂದಿನಿಂದ ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ಔಷಧದ ಜೊತೆ ಅವನ ಉಚ್ಚೆ ಕಾಸಿ ಬಣ್ಣ ನೋಡುತ್ತಿದ್ದೆ. ಹಸಿ ಉಸುಕಿನ ಮಡಕೆಯಿಂದ ಇನ್ಸುಲಿನ್ ಬಾಟಲಿ ತೆಗೆದು ನಲವತ್ತು ಯೂನಿಟ್ ಎಣಿಸಿ ಚುಚ್ಚುತ್ತಿದ್ದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆಯುತ್ತಿದ್ದೆ. ನನ್ನ ಬಿ.ಎ. ಅಷ್ಟಕ್ಕೇ ಉಪಯೋಗಕ್ಕೆ ಬಂದದ್ದು. ಅಪ್ಪ ಬಗ್ಗಿ ನೋಡಿ, "ಏನೋ ಮಾಸ್ತರ, ಪಾಸೋ ನಪಾಸೋ," ಎನ್ನುತ್ತಿದ್ದ. ಹಸಿರು, ಹಳದಿ, ಇಟ್ಟಿಗೆ ಕೆಂಪು. ಸಕ್ಕರೆ ಇಲ್ಲದಾಗ ಬರುವ ನೀಲಿ ಒಮ್ಮೆಯೂ ಬಂದಿರಲಿಲ್ಲ. ಕಾರಹುಣ್ಣಿಮೆಗೆ ಅವನು ಸುಳ್ಳು ನಡುಕ ತಂದುಕೊಂಡು ನನ್ನಿಂದ ಬೆಲ್ಲ ತಿಂದದ್ದು, ಆಮೇಲೆ ವಾರವಿಡೀ ಅದನ್ನು ಹೇಳಿಕೊಂಡು ನಕ್ಕದ್ದು ನಿನಗೆ ನೆನಪಿರಬಹುದು. ಇನ್ನೊಮ್ಮೆ ನಾಟಕ ಹೂಡಿದರೆ ಕರಗಬೇಡ ಎಂದು ನೀನು ಬರೆದೆ. ಆಗ ನಾನೊಂದು ಉಪಾಯ ಮಾಡಿ ಅಪ್ಪನಿಗೆ ಹೇಳಿದೆ: ಪಂಚಮಿಯ ಬೆಳಿಗ್ಗೆ ನಳಿಕೆಯಲ್ಲಿ ನೀಲಿ ಬಂದರೆ ಅಕ್ಕನ ಕೈಯಿಂದ ಒಂದು ಉಂಡಿ. ರಜೆ ಸಿಗಲಿಲ್ಲ, ಬರುವುದಿಲ್ಲ ಎಂಬ ನಿನ್ನ ಕಾಗದ ಎರಡು ದಿನ ಮೊದಲೇ ಬಂದಿತ್ತು. ಅದನ್ನು ಬಚ್ಚಿಟ್ಟೆ. ಪಥ್ಯ ಚೆನ್ನಾಗಿ ನಡೆದಿದೆಯಲ್ಲ ಎಂದುಕೊಂಡೆ.

ಪಂಚಮಿಯ ಬೆಳಿಗ್ಗೆ ನೀಲಿ ಬಂತು. ಇಬ್ಬರೂ ನಳಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದೆವು. ಎಂದಿನಂತೆ ನಲವತ್ತು ಚುಚ್ಚಿದೆ. ಅವನು ತಲೆಗೆ ಪಟಗ ಸುತ್ತಿಕೊಂಡು, ನಾಷ್ಟಾ ಬೇಡ, ಮಗಳು ಬಂದ ಮೇಲೇ ಬಾಯಿ ತೆರೆಯುತ್ತೇನೆ ಎಂದು ಕಟ್ಟೆಯ ಮೇಲೆ ಬಸ್ಸಿನ ದಾರಿ ನೋಡುತ್ತ ಕುಳಿತ. ಮಧ್ಯಾಹ್ನ ಬೆವರಿಟ್ಟು ನಡುಗಲು ಹತ್ತಿದ. ಬಾಗೇವಾಡಿಯ ದವಾಖಾನೆ ಮುಟ್ಟುವ ಮೊದಲು ಗಾಡಿಯಲ್ಲೇ ಹೋದ. ನಡುವಿನದನ್ನು ರೇವವ್ವ ನಿನಗೆ ಹೇಳಿದ್ದಾಳೆ.

ಮಹಾನವಮಿಗೆ ನೀನು ಬರಬೇಕೆಂದು ಅವ್ವ ಬರೆಯಿಸುತ್ತಿದ್ದಾಳೆ. ಒಲೆಯ ಹತ್ತಿರ ತಾನು ಬರುವುದಿಲ್ಲವಂತೆ, ಅಡುಗೆ ನೀನೇ ಮಾಡಿಕೋ. ದೂರದಿಂದ ನಿನ್ನ ಮುಖ ನೋಡಿದರೆ ಸಾಕಂತೆ. ಅವಳ ಆಶೀರ್ವಾದ. ಬಿಳಿ ಆಕಳು ಗಬ್ಬಾಗಿದೆ ಎಂಬುದನ್ನೂ ತಿಳಿಸು ಎಂದಳು.

ನಿನ್ನ ತಮ್ಮ
ಗುರಪ್ಪ

ತಾ.ಕ.: ಸೋಮವಾರ. ಅಂಚೆ ಪೆಟ್ಟಿಗೆಯ ಮುಂದೆ ನಿಂತು ಬರೆಯುತ್ತಿದ್ದೇನೆ, ಟಪಾಲಿನವನು ಚೀಲ ಕಟ್ಟುತ್ತಿದ್ದಾನೆ. ಇದನ್ನು ಅವ್ವನಿಗೆ ಓದಿಲ್ಲ. ಗುರುವಾರ ಉಳಿದ ಬಾಟಲಿ ಕೊಡಲು ಬಾಗೇವಾಡಿಗೆ ಹೋದಾಗ ಡಾಕ್ಟರಿಗೆ ರೊಟ್ಟಿಯ ವಿಷಯ ಹೇಳಿದೆ. ಉಪವಾಸದ ಮೈಗೆ ನಲವತ್ತು ಕೊಟ್ಟರೆ ರಕ್ತದಲ್ಲಿ ಸಕ್ಕರೆಯೇ ಉಳಿಯುವುದಿಲ್ಲ, ಆಗ ಒಂದು ಉಂಡಿ ತಿನ್ನಿಸಿದ್ದರೆ ಏಳುತ್ತಿದ್ದರು ಎಂದರು. ಆಮೇಲೆ ನೋಟ್‌ಬುಕ್ ತಿರುವಿ, ಅಕ್ಷರ ಚಂದ ಅದಾವ ಎಂದರು. ಬೆವತು ನಡುಗಿದರೆ ಸಿಹಿ ಕೊಡು ಎಂದು ನೀನು ಹೇಳಿದ್ದೂ ಅದೇ ಅಕ್ಷರದಲ್ಲಿ ಕಡೆಯ ಪುಟದಲ್ಲಿದೆ. "ಗುರ್ಯಾ, ಒಂದ ಚೂರ ಕೊಡೋ," ಎಂದ ಅಪ್ಪ. ನಾಟಕ ಸಾಕು ಎಂದು ನಾನು ನಕ್ಕೆ. ಅವ್ವ ಉಂಡಿ ಹಿಡಿದದ್ದು ನಿಜ. ಅದು ತುಟಿಗೆ ಹತ್ತುವಷ್ಟರಲ್ಲಿ ಅವಳ ಕೈ ತಿರುವಿ ಕಸಿದುಕೊಂಡವನು ನಾನು. ಮೀಸೆಗೆ ಹತ್ತಿದ ಪುಡಿಯೇ ಅವನನ್ನು ಕೊಂದಿತು ಎಂದು ಅವ್ವ ನಂಬಿದ್ದಾಳೆ. "ನೀ ಕಸಗೊಂಡಿ, ಅಷ್ಟರ ಪಾಪ ಕಡಿಮಿ ಆತು ನನಗ," ಎಂದು ದಿನಾ ನನ್ನ ತಲೆ ಸವರುತ್ತಾಳೆ. ಉಂಡಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಪ್ಪನನ್ನು ಹಾಕಿಕೊಂಡು ಗಾಡಿ ತಿರುಗಿ ಬರುವಾಗ ಹಸಿವಾಯಿತು. ನಾನೇ ತಿಂದೆ.