ಬಂದೂಕಿನ ಎರಡು ಕಾಲು

ಝಳಕಿ, 1961

ಅಬ್ಬಾ,

ನೀವು ಹೋಗಿ ಎರಡನೇ ಸುಗ್ಗಿ ಬಂತು. ಓದಾಕ ನೀವಿಲ್ಲ ಅಂತ ಗೊತ್ತಿದ್ರೂ ಈ ಸುದ್ದಿ ನಿಮಗ ಹೇಳಬೇಕು ಅನಿಸೇತಿ.

ನಮ್ಮ ಕುರಿಹಟ್ಟಿಗೆ ತ್ವಾಳ ಬರಾಕತ್ತಿತ್ತು. ನಿಮ್ಮ ಬಂದೂಕ ಈಗ ನನ್ನ ಹೆಸರಿಗೆ ಆಗೇತಿ, ಆದ್ರ ಅದರ ಭಾರಕ್ಕ ನನ್ನ ಕೈ ನಿಲ್ಲಂಗಿಲ್ಲ. ನಳಿಗಿಗೆ ಒಂದು ಆಸರ ಮಾಡಿಸೋಣಂತ ಬಡಿಗ್ಯಾರ ಮೋನಪ್ಪನ ಕಡೆ ಹೋದೆ.

ಅವ ಮೊದಲು ಒಂದು ಕವಲುಗೋಲು ಕೊಟ್ಟ. ಅದು ಆಕಡೆ ಈಕಡೆ ವಾಲಿತು. ಮೂರು ಕಾಲಿಂದು ಗಟ್ಟಿ ನಿಂತಿತು, ಹೊತ್ತು ತಿರುಗಾಕ ಭಾರ. ಕಡೀಕ ಎರಡು ಜಾಲಿ ಕೋಲು ಕತ್ತರಿ ಹಂಗ ಕೂಡಿಸಿ, ಮ್ಯಾಲೆ ಚರ್ಮದ ಪಟ್ಟಿ ಬಿಗಿದದ್ದನ್ನ ಆರಿಸಿದೆ. ಕುಂತು ಗುರಿ ಹಿಡಿದರ ನಳಿಗಿ ಅಲುಗಲಿಲ್ಲ.

"ನಿಮ್ಮಪ್ಪ ಇಬ್ರಾಹಿಂಸಾಬರೂ ಇಂಥದನ್ನ ಆರಿಸಿದ್ರು, ತಂಗೀ," ಅಂದ ಮೋನಪ್ಪ. "ಕೈ ನಡುಗಾಕ ಹತ್ತಿದ ವರ್ಷ ಬಂದಿದ್ರು. ಆದ್ರ ಒಯ್ಯಲಿಲ್ಲ."

"ಯಾಕ?"

"ಕೋಲಿನ ಆಸರ ಹಿಡಿದದ್ದು ಮಗಳು ನೋಡಿದ್ರ ಏನಂದಾಳು, ಅಂದ್ರು."

ಆ ವರ್ಷನ ನೀವು ಶಿಕಾರಿ ಬಿಟ್ರಿ. ಬ್ಯಾಸರಾಗೇತಿ ಅಂದ್ರಿ, ನಾ ನಂಬಿದೆ. ದಿನಾ ಕಟ್ಟಿ ಮ್ಯಾಲೆ ಕುಂತು ಬಂದೂಕ ಒರಸತಿದ್ರಿ. ನಾ ಚಹಾ ಇಟ್ಟು ಒಳಗ ಹೋಗತಿದ್ದೆ.

ನಿನ್ನೆ ಸಂಜಿಗೆ ತ್ವಾಳ ಮತ್ತ ಬಂತು. ಕೋಲಿನ ಮ್ಯಾಲೆ ನಳಿಗಿ ಇಟ್ಟು ಹೊಡೆದೆ, ಒಂದ ಏಟಿಗೆ ಬಿತ್ತು. ಹಟ್ಟಿ ಮಂದಿ ಓಡಿ ಬಂದು, "ಇಬ್ರಾಹಿಂಸಾಬರ ಕೈ ಇದು!" ಅಂತ ಕೂಗಿದ್ರು. ಕೋಲಿನ ಕಡೆ ಯಾರೂ ನೋಡಲೇ ಇಲ್ಲ, ಅಬ್ಬಾ.

ನಿಮ್ಮ
ಸಗೀರಾ