ನಡುಮನೆಯ ಸ್ವಿಚ್ಚು

ಬೀಗಿತ್ತಿಯವರಿಗೆ ನಮಸ್ಕಾರಗಳು.

ಕಿವಿ ಕೇಳದ ತಾಯಿಯ ಹತ್ತಿರ ಹಸುಗೂಸನ್ನು ಬಿಡುವುದು ಹೇಗೆ ಎಂದು ನನ್ನ ಮಗಳ ಬಗ್ಗೆ ಕೇಳಿ ಹೋದಿರಿ. ಅಂದು ಮಗು ಅತ್ತು ಅತ್ತು ಕೆಂಪಾದರೂ, ಅಳು ಕೇಳಿದೊಡನೆ ಮಿನುಗಬೇಕಾದ ಅಡುಗೆಮನೆಯ ದೀಪ ಮಿನುಗಲಿಲ್ಲ.

ಕಾರಣ ಸಿಕ್ಕಿದೆ. ತೊಟ್ಟಿಲ ಬಳಿಯ ಯಂತ್ರ ಅಳುವನ್ನು ಕೇಳಿಸಿಕೊಂಡಿತ್ತು. ಆದರೆ ಅದರ ಸುದ್ದಿ ಅಡುಗೆಮನೆಯವರೆಗೆ ನೇರವಾಗಿ ಮುಟ್ಟುವುದಿಲ್ಲ. ನಡುಮನೆಯ ದೀಪ ಅದನ್ನು ಇಸಿದುಕೊಂಡು ಮುಂದಕ್ಕೆ ದಾಟಿಸಬೇಕು. ಅದಕ್ಕೆ ಗೋಡೆಯ ಸ್ವಿಚ್ಚು ಸದಾ ಹಾಕಿಯೇ ಇರಬೇಕಂತೆ. ಅಂದು ಅದನ್ನು ಯಾರೋ ಆರಿಸಿದ್ದರು.

ಅಳಿಯಂದಿರು ನಕ್ಕುಬಿಟ್ಟರು. "ನಮ್ಮಮ್ಮನ ಕೈಗೆ ಸಿಕ್ಕಿದ್ರೆ ಸೂರ್ಯನ್ನೂ ಆರಿಸ್ತಾರೆ, ಅತ್ತೆ!" ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಗಲು ದೀಪ ಉರಿಯುತ್ತಿದ್ದರೆ ನನ್ನ ಕೈಯೂ ಸುಮ್ಮನಿರುವುದಿಲ್ಲ. ಈಗ ಸುದ್ದಿ ದಾಟಿಸುವ ಕೆಲಸವನ್ನು ಫ್ರಿಜ್ಜಿಗೆ ಹಾಕಿದ ಅಂಥದೇ ಹೊಸ ಪ್ಲಗ್ಗಿಗೆ ವಹಿಸಿದ್ದಾರೆ. ಫ್ರಿಜ್ಜು ಆರಿಸುವ ಹೆಂಗಸು ಇನ್ನೂ ಹುಟ್ಟಿಲ್ಲ.

ಇಂದು ಬೆಳಿಗ್ಗೆ ನಾನು ಬೇಕೆಂದೇ ಏಳದೆ ಕುಳಿತಿದ್ದೆ. ಮಗು ಒಮ್ಮೆ ಕುಂಯ್ ಎಂದಿತು, ಅಷ್ಟೇ. ಅಡುಗೆಮನೆಯಲ್ಲಿ ದೀಪ ಮಿನುಗಿತು, ಹಿಟ್ಟು ಮೆತ್ತಿದ ಕೈಯಲ್ಲೇ ಮಗಳು ಓಡಿ ಬಂದಳು. ಎಷ್ಟೋ ದಿನಗಳ ಮೇಲೆ ನಾನು ಚಹಾವನ್ನು ಬಿಸಿಯಿರುವಾಗಲೇ ಕುಡಿದೆ.

ಮಗುವನ್ನು ಕರೆದೊಯ್ಯಲು ಭಾನುವಾರ ಬರುತ್ತೇನೆ ಎಂದಿದ್ದಿರಿ. ಖಂಡಿತ ಬನ್ನಿ. ತೊಟ್ಟಿಲು ಸಾಗಿಸಲೆಂದು ನೀವು ಹೇಳಿಟ್ಟ ಗಾಡಿ ಮಾತ್ರ ಬೇಡ. ನಿಮ್ಮ ನಾಲ್ಕು ಬಟ್ಟೆ ತನ್ನಿ, ಕೆಲವು ದಿನ ಇಲ್ಲೇ ಇದ್ದು ನಿಮ್ಮ ಸೊಸೆ ಮಗುವನ್ನು ಸಾಕುವುದನ್ನು ನೋಡಿ.

ಇತಿ,
ನಿಮ್ಮ ಮೊಮ್ಮಗಳ ಇನ್ನೊಬ್ಬ ಅಜ್ಜಿ